ವಾನಳ್ಳಿಯ ದಾರಿಗೊಪ್ಪುವ ಕಾರು

ಶಿರಸಿಯಿಂದ ಕಾಡನ್ನೂ ಅಡಿಕೆಯ ತೋಟಗಳನ್ನೂ ಹಾದು ವಾನಳ್ಳಿಗೆ ಹೋಗುವ ನಾವು ನಾಯಿಯನ್ನು ಮನೆಯಲ್ಲಿ ಬಿಟ್ಟುಬರಲಾರೆವು. ಆದುದರಿಂದ ವಿದ್ಯುತ್ ಕಾರನ್ನು ಆರಿಸುವಾಗ ಅಂದಕ್ಕಿಂತ ಮೊದಲು ದಾರಿಯನ್ನೂ ಈ ಮೂಕಪ್ರಾಣಿಯನ್ನೂ ನೆನೆಯಬೇಕು.

2020ರಲ್ಲಿ ಬಂದ ಟಾಟಾ ನೆಕ್ಸಾನಿನ ತಳವು ನೆಲದಿಂದ 205 ಮಿಲಿಮೀಟರು ಎತ್ತರದಲ್ಲಿದ್ದಿತು. ಮಳೆ ಕೊರೆದ ಮಣ್ಣುದಾರಿಗೆ ಅದು ಲೇಸು. 2024ರ ಎಂಜಿ ವಿಂಡ್ಸರಿನದು 186. ಆದರೆ ಹಿಂಬದಿಯಲ್ಲಿ 604 ಲೀಟರಿನಷ್ಟು ಸಾಮಾನು ಹಿಡಿಸುವುದರಿಂದ ಹಿಂದಿನ ಆಸನವೆಲ್ಲವೂ ನಾಯಿಗೆ ಉಳಿಯುವುದು.

ನಾಯಿಯು ಬಹುಮಟ್ಟಿಗೆ ಏದುಸಿರಿನಿಂದಲೇ ಮೈಯನ್ನು ತಣಿಸಿಕೊಳ್ಳುವುದು. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರು ಅದಕ್ಕೆ ಮೃತ್ಯುವೇ ಸರಿ. ನಿಂತಾಗಲೂ ಹೊಗೆಯಿಲ್ಲದೆ ತಂಪುಗಾಳಿ ಕೊಡುವುದು ಈ ವಾಹನದ ದೊಡ್ಡ ಗುಣ. ಆದರೂ ಅದನ್ನು ನಂಬಿ ನಾಯಿಯನ್ನು ಒಂಟಿಯಾಗಿ ಬಿಡಬಾರದು.

ಮಳೆಗಾಲದಲ್ಲಿ ವಿದ್ಯುತ್ತು ನಿಂತುಹೋಗುವ ಈ ಸೀಮೆಯಲ್ಲಿ, ಅದನ್ನು ಶಿರಸಿಯ ಪಶುವೈದ್ಯರಲ್ಲಿಗೆ ಒಯ್ಯುವಷ್ಟು ಶಕ್ತಿಯನ್ನು ಬ್ಯಾಟರಿಯಲ್ಲಿ ಸದಾ ಉಳಿಸಿರಬೇಕು.