ಅಮ್ಮನ ಚಾಪೆಯ ಮೇಲಿನ ಬೆಳಕು

ನಮ್ಮ ತಿರುಪ್ಪೂರಿನ ಮನೆಯ ಹಾಲ್‌ನಿಂದ ಹಳೆಯ ಗುಂಡುದೀಪ ಕೊನೆಗೂ ಕೆಳಗಿಳಿಯಿತು. ಹಾಲಿನ ಬಣ್ಣದ ಗಾಜು, ಒಳಗೊಂದು ಬಲ್ಬು, ಮಳೆ ಬಂದಾಗಲೆಲ್ಲ ಅದರೊಳಗೆ ಬಿದ್ದು ಸಾಯುವ ಹುಳುಗಳು. ಈಗ ಆ ಜಾಗದಲ್ಲಿ ಫಾಲ್ಸ್ ಸೀಲಿಂಗ್, ಅದರೊಳಗೆ ಹುದುಗಿಸಿದ ಡೌನ್‌ಲೈಟುಗಳು. ಅಣ್ಣನ ಮದುವೆ ಹತ್ತಿರ ಬಂದಿತ್ತು. ಚಾಮರಾಜನಗರದಿಂದ ದಿಂಬಂ ಘಾಟಿಯ 27 ತಿರುವು ಇಳಿದು ಬರುವ ನೆಂಟರಿಗೆ ಮನೆ ಚೆಂದ ಕಾಣಲಿ ಎಂಬ ಆಸೆ ಅವನದು.

ಆದರೆ ಆ ಹಾಲೇ ನಮ್ಮಮ್ಮನ ಕೆಲಸದ ಜಾಗ. ಬನಿಯನ್ ಕಂಪನಿಯಿಂದ ಮೂಟೆಯಲ್ಲಿ ಬರುವ ಟೀ ಶರ್ಟ್‌ಗಳ ಉಳಿದ ನೂಲು ಕತ್ತರಿಸಿ, ತೂತು, ಎಣ್ಣೆ ಕಲೆ ಹುಡುಕಿ, ಮಡಿಸಿ ಕೊಡುತ್ತಾರೆ. ಪೀಸ್ ಲೆಕ್ಕದ ಕೂಲಿ. ಕಲೆ ಕಣ್ತಪ್ಪಿದರೆ ಪೀಸು ವಾಪಸ್, ಕೂಲಿಯೂ ಇಲ್ಲ. 1932ರಲ್ಲಿ ಪೈಕಾರಾ ಜಲವಿದ್ಯುತ್ ಶುರುವಾದ ಮೇಲೆ ತಾನೇ ಈ ಸೀಮೆಯಲ್ಲಿ ಗಿರಣಿಗಳು ಹೆಚ್ಚಿದ್ದು? ಇಲ್ಲಿ ಕರೆಂಟಿಗೂ ಬಟ್ಟೆಗೂ ಹಳೆಯ ನಂಟು.

ಕಾಂಕ್ರೀಟ್ ತಾರಸಿಯನ್ನೇ ಕೊರೆದು ದೀಪ ಹುದುಗಿಸುವಂತಿಲ್ಲ, ಒಳಗಿನ ಕಂಬಿಗೆ ಪೆಟ್ಟು. ಅದಕ್ಕೇ ಕೆಳಗೆ ಲೋಹದ ಚೌಕಟ್ಟು ಕಟ್ಟಿ, ಜಿಪ್ಸಂ ಬೋರ್ಡ್ ಹೊಡೆದು, ಅದರಲ್ಲಿ ತೂತು ಕೊರೆಯುತ್ತಾರೆ. ತಾರಸಿ ಅಷ್ಟು ತಗ್ಗಿದಂತಾಗುತ್ತದೆ, ಮೊದಲೇ ಅಳೆದುಕೊಳ್ಳಿ. ಫ್ಯಾನನ್ನು ಬೋರ್ಡಿಗೆ ನೇತುಹಾಕಬಾರದು, ಉದ್ದದ ರಾಡ್ ಹಾಕಿ ಕಾಂಕ್ರೀಟಿನ ಕೊಕ್ಕೆಗೇ ಸಿಕ್ಕಿಸಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಇನ್ನೊಂದು ಮಾತು: ಮೇನ್ ಆಫ್ ಮಾಡಿದರೂ ಆ ಲೈನಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಟೆಸ್ಟರ್ ಇಟ್ಟು ನೋಡದೆ ಹಳೇ ದೀಪದ ವೈರು ಮುಟ್ಟಬೇಡಿ.

ಜಗಳ ಬಂದದ್ದು ಬಣ್ಣಕ್ಕೆ. ಅಣ್ಣ ಮೊಬೈಲಿನಲ್ಲಿ ತೋರಿಸಿದ ಚಿತ್ರದಲ್ಲಿ ಆರು ದೀಪ, ಎರಡು ಸಮಸಾಲು, ಎಲ್ಲವೂ 3000 ಕೆಲ್ವಿನ್‌ನ ಹಳದಿ ಬೆಳಕು. ನೋಡಲು ಹೋಟೆಲಿನಂತೆ ಚೆಂದವೇ. ಎಲೆಕ್ಟ್ರಿಷಿಯನ್ ಅದನ್ನು ನೋಡಿ ಅಣ್ಣನನ್ನು ಬಿಟ್ಟು ಅಮ್ಮನನ್ನು ಕೇಳಿದರು: "ನೀಂಗ ಎಂಗ ಉಕ್ಕಾಂದು ವೇಲೆ ಸೆಯ್ವೀಂಗಮ್ಮಾ?" ಎಲ್ಲಿ ಕೂತು ಕೆಲಸ ಮಾಡ್ತೀರಿ ಅಂತ. ಅಷ್ಟು ದಿನದ ಚರ್ಚೆಯಲ್ಲಿ ನಮ್ಮಲ್ಲಿ ಯಾರ ಬಾಯಲ್ಲೂ ಈ ಪ್ರಶ್ನೆ ಬಂದಿರಲಿಲ್ಲ.

ಅಮ್ಮ ಚಾಪೆ ಹಾಸಿ ಕೂತರು. ಅವರು ಎರಡು ದೀಪಗಳಿಗೆ ವೈರು ಸಿಕ್ಕಿಸಿ ಮೇಲಿಂದ ಹಿಡಿದರು. ಹಳದಿಯಲ್ಲಿ ಬಿಳಿ ಬನಿಯನ್ ಪೂರ್ತಿ ಶುಭ್ರ. 6500ರ ಬಿಳಿ ಬೆಳಕು ಹಾಕಿದ ಕೂಡಲೇ ತೋಳಿನ ಹತ್ತಿರ ತೆಳು ಎಣ್ಣೆ ಕಲೆ ಎದ್ದು ಕಂಡಿತು. ಅಣ್ಣ ಮರುಮಾತಾಡಲಿಲ್ಲ. ಅವನದು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಚೆಕಿಂಗ್ ಕೆಲಸವೇ. ಬಣ್ಣ ಹಾಕಿದ ಬಟ್ಟೆಯ ಶೇಡ್ ನೋಡುವ ಲೈಟ್ ಬಾಕ್ಸಿನಲ್ಲಿ ಹಗಲಿನಂಥ ಡಿ65 ದೀಪ, ಯುರೋಪಿನ ಅಂಗಡಿಗಳ ಬೆಳಕಿನಂಥ ಟಿಎಲ್84, ಹೀಗೆ ಬೇರೆ ಬೇರೆ ಇರುತ್ತವೆ. ಒಂದರಲ್ಲಿ ಒಂದೇ ಬಣ್ಣ ಎನಿಸಿದ ಎರಡು ತುಂಡು ಇನ್ನೊಂದರಲ್ಲಿ ಬೇರೆಯಾಗಿ ಕಾಣಬಹುದು. ಡಿ65 ಅಂದರೆ ಸುಮಾರು 6500 ಕೆಲ್ವಿನ್. ಪರದೇಶದ ಗಿರಾಕಿಗೆ ಅಷ್ಟು ಜೋಪಾನ, ಮನೆಯಲ್ಲಿ ಕೂತು ನೋಡುವವಳಿಗೆ ಹೋಟೆಲಿನ ಬೆಳಕು!

ಜಾಗವೂ ಬದಲಾಯಿತು. ಡೌನ್‌ಲೈಟಿನ ಬೆಳಕು ಹೆಚ್ಚಾಗಿ ನೇರ ಕೆಳಗೇ ಬೀಳುತ್ತದೆ. ಬೆನ್ನ ಹಿಂದಿದ್ದರೆ ನಮ್ಮ ತಲೆಯ ನೆರಳೇ ಕೈಮೇಲೆ. ಹಾಗಾಗಿ ಚಾಪೆಯ ಮುಂದೆ ಎಡಕ್ಕೊಂದು, ಬಲಕ್ಕೊಂದು ಬಿಳಿ ದೀಪ, ಬೇರೆ ಸ್ವಿಚ್ಚು. ಉಳಿದ ನಾಲ್ಕು ಹಳದಿಯೇ. ಸಂಜೆ ಜಪಸರಕ್ಕೆ ಕೂತಾಗ ಅವೇ ಸಾಕು, ಕಣ್ಣಿಗೂ ಹಿತ. ಸಮಸಾಲು ಕೆಟ್ಟಿತೆಂದು ಅಣ್ಣ ಎರಡು ದಿನ ಗೊಣಗಿದ.

ಮದುವೆಗೆ ಬಂದ ಚಿಕ್ಕಮ್ಮ ಊಟ ಮುಗಿಸಿ ಮೇಲೆ ನೋಡಿ, "ಇವೆರಡು ಯಾಕಕ್ಕ ಹೀಗೆ ಸೊಟ್ಟಗವೆ?" ಎಂದರು. ಅಮ್ಮ ಮಾತಾಡದೆ ಸ್ವಿಚ್ ಹಾಕಿದರು. ಚಿಕ್ಕಮ್ಮ ತಮ್ಮ ಸೆರಗಿನ ಮೇಲಿನ ಸಾರಿನ ಕಲೆ ನೋಡಿಕೊಂಡು ನಲ್ಲಿಯ ಕಡೆ ಹೊರಟರು.