ಎಲ್ಲೋರಾಕ್ಕೆ ಪಟ್ಟದಕಲ್ಲಿನ ದಾರಿ

ಅಪ್ಪನವರಿಗೆ,

ಎಲ್ಲೋರಾ ನೋಡಿ, ಘೃಷ್ಣೇಶ್ವರನ ದರ್ಶನ ಮಾಡಿ ಬರುವ ನಿಮ್ಮ ಯೋಚನೆಗೆ ನನ್ನದೊಂದೇ ತಿದ್ದುಪಡಿ. ಬಾದಾಮಿಯಲ್ಲಿ ಇಳಿದು, ಮೊದಲು ಪಟ್ಟದಕಲ್ಲಿನ ವಿರೂಪಾಕ್ಷನ ಗುಡಿ ನೋಡಿ. ಎಲ್ಲೋರಾದ 34 ಗುಹೆಗಳಲ್ಲಿ 16ನೆಯದಾದ ಕೈಲಾಸ ಚೆನ್ನಾಗಿ ಅರ್ಥವಾಗುವುದು ಈ ದಾರಿಯಲ್ಲಿ ಬಂದವರಿಗೆ ಎಂದು ನನ್ನ ವಾದ.

ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ಅವನ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು 740ರ ಸುಮಾರಿಗೆ. ಸ್ವಲ್ಪ ಕಾಲದಲ್ಲೇ ಚಾಲುಕ್ಯರ ರಾಜ್ಯ ರಾಷ್ಟ್ರಕೂಟರ ಪಾಲಾಯಿತು. ಅವರ ಒಂದನೆಯ ಕೃಷ್ಣನ ಹೆಸರಿಗೆ ಕೈಲಾಸ ಸೇರಿದೆ. ಎರಡರಲ್ಲೂ ದ್ವಾರ, ಬೇರೆಯಾಗಿ ನಿಂತ ನಂದಿಮಂಟಪ, ಮೂರು ಮುಖಮಂಟಪಗಳ ಸಭಾಮಂಟಪ, ಅದರಾಚೆ ದ್ರಾವಿಡ ಶಿಖರ. ಪಟ್ಟದಕಲ್ಲಿನ ಕಂಬಗಳ ಮೇಲಿನ ರಾಮಾಯಣ, ಮಹಾಭಾರತ ಎಲ್ಲೋರಾದಲ್ಲಿ ಗೋಡೆಗೇರಿವೆ. ಆದರೆ ವಿರೂಪಾಕ್ಷನ ಗುಡಿಯೇ ಕೈಲಾಸಕ್ಕೆ ಮಾದರಿ ಎಂಬುದಕ್ಕೆ ದೊಡ್ಡ ಸಾಕ್ಷಿ ಕೆಲಸದ ಕ್ರಮದಲ್ಲಿದೆ. ಪಟ್ಟದಕಲ್ಲಿನಲ್ಲಿ ಮರಳುಗಲ್ಲನ್ನು ತಳದಿಂದ ಪೇರಿಸಿದರು. ಒಂದು ಕಲ್ಲು ಕೆಟ್ಟರೆ ಇನ್ನೊಂದು ತರಬಹುದಿತ್ತು. ಎಲ್ಲೋರಾದಲ್ಲಿ ಗುಡ್ಡವನ್ನು ಮೇಲಿನಿಂದ ಕಡಿಯುತ್ತ ಇಳಿದರು. ಶಿಖರದ ಜಾಗ ತಪ್ಪಿದರೆ ಅದರಡಿಯ ಗರ್ಭಗುಡಿಯೂ ತಪ್ಪಿದಂತೆಯೇ, ತೇಪೆಗೆ ಎಡೆಯಿಲ್ಲ. ಉಳಿ ಹಿಡಿಯುವ ಮೊದಲೇ ಇಡೀ ಗುಡಿ ಗೊತ್ತಿದ್ದವರು ಮಾತ್ರ ಇಂಥದ್ದಕ್ಕೆ ಕೈಹಾಕಬಲ್ಲರು. 812ರ ಹೊತ್ತಿನ ಬರೋಡಾ ತಾಮ್ರಶಾಸನದಲ್ಲಿ, ಇದನ್ನು ತಾನು ಹೇಗೆ ಮಾಡಿದೆನೋ ಎಂದು ಶಿಲ್ಪಿಯೇ ಬೆರಗಾದನೆಂಬ ಮಾತಿದೆ. ಆಸ್ಥಾನಕವಿಯ ಉತ್ಪ್ರೇಕ್ಷೆ ಅದು. ಶಿಲ್ಪಿಗೆ ಚೆನ್ನಾಗಿಯೇ ಗೊತ್ತಿತ್ತು.

ಹಾಗಾದರೆ ಕೈಲಾಸ ಬರೀ ನಕಲೇ ಎಂದು ನೀವು ಕೇಳುತ್ತೀರಿ. ಅಲ್ಲ. ಆನೆಗಳ ಸಾಲು ಹೊತ್ತಂತಿರುವ ಎತ್ತರದ ಅಧಿಷ್ಠಾನ ಪಟ್ಟದಕಲ್ಲಿನಲ್ಲಿಲ್ಲ. ಅಲ್ಲಿ ಗೋಡೆಯೊಳಗಿದ್ದ ಪ್ರದಕ್ಷಿಣಾಪಥ ಇಲ್ಲಿ ಬಯಲಿಗೆ ಬಂದು, ಸುತ್ತ ಐದು ಕಿರುಗುಡಿಗಳನ್ನು ಪಡೆದಿದೆ. ಎಲ್ಲವೂ ಕೃಷ್ಣನೊಬ್ಬನ ಕಾಲದ್ದಲ್ಲ ಎನ್ನುವ ವಿದ್ವಾಂಸರಿದ್ದಾರೆ, ಒಪ್ಪೋಣ. ಆದರೂ ನಡುವಿನ ಗುಡಿಯ ಅಳತೆಯನ್ನು ಆರಂಭದಲ್ಲೇ ನಿಶ್ಚಯಿಸದೆ ಗತ್ಯಂತರವಿರಲಿಲ್ಲ. ಮಾದರಿಯನ್ನು ಮೊದಲೇ ನೋಡಿದರೆ ಸೋಜಿಗ ಕಡಿಮೆಯಾದೀತೆಂಬ ಅಳುಕೂ ಬೇಡ. ಗಾತ್ರದ ಸೋಜಿಗ ಹೇಗೂ ಆಗುತ್ತದೆ. ಏನನ್ನು ಉಳಿಸಿಕೊಂಡರು, ಎಲ್ಲಿ ಮೀರಿದರು ಎಂಬುದು ಮಾತ್ರ ಮೂಲವನ್ನು ಕಂಡವರಿಗಷ್ಟೇ ತಿಳಿಯುತ್ತದೆ.

ಅಮ್ಮನ ಆಕ್ಷೇಪ ಬೇರೆ: ಹೊರಟಿರುವುದು ಜ್ಯೋತಿರ್ಲಿಂಗಕ್ಕೆ, ನಡುವೆ ಈ ಸುತ್ತಾಟವೇಕೆ? ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ, ಅದೂ ಶಿವದರ್ಶನವೇ ಎಂದು ಹೇಳಿ. ಸುತ್ತೂ ಹೆಚ್ಚಿಲ್ಲ, ಬಾದಾಮಿಯಿಂದ ವಿಜಯಪುರದ ಮೇಲೆ ಸೋಲಾಪುರಕ್ಕೆ ರೈಲಿದೆ, ಮುಂದಿನದು ರಸ್ತೆ. ಘೃಷ್ಣೇಶ್ವರ ಗುಹೆಗಳ ಪಕ್ಕದಲ್ಲೇ ಇದೆ. ಗರ್ಭಗುಡಿಗೆ ಗಂಡಸರು ಅಂಗಿ ತೆಗೆದು ಹೋಗಬೇಕು. ಬೆಳಗ್ಗೆ ದರ್ಶನ ಮುಗಿಸಿ ಮಧ್ಯಾಹ್ನದ ಮೇಲೆ ಕೈಲಾಸಕ್ಕೆ ಬನ್ನಿ, ಅದು ಪಶ್ಚಿಮಕ್ಕೆ ಮುಖಮಾಡಿದೆ. ಮಂಗಳವಾರ ಗುಹೆಗಳಿಗೆ ರಜೆ, ಟಿಕೆಟ್ ತೆಗೆಸುವಾಗ ನೆನಪಿರಲಿ.

ಇಂತು ನಿಮ್ಮ ಮಗ