ಸಜಿಪದ ಸುಷಿರನಾದ

ಮಂಗಳೂರಿನಿಂದ ಮೂಡಲಿಗೆ ಹೊರಟವರು ಬಿ. ಸಿ. ರೋಡನ್ನು ಹಾದು, ಪಾಣೆಮಂಗಳೂರಿನ ಬಳಿ ನೇತ್ರಾವತಿಯನ್ನು ದಾಟಿ, ಮೇಲ್ಕಾರಿನಲ್ಲಿ ಬಲಕ್ಕೆ ಹೊರಳಿದರೆ ಮುಡಿಪಿನ ದಾರಿಯಲ್ಲಿ ಸಜಿಪಮೂಡ ಗ್ರಾಮವು ಸಿಕ್ಕುತ್ತದೆ. ಅಡಕೆ, ತೆಂಗು, ಮುರಕಲ್ಲು. ಬಂಟ್ವಾಳ ಸೀಮೆಯನ್ನು ಕಂಡವರಿಗೆ ಬೇರೆ ವರ್ಣನೆ ಬೇಡ. ಜಾಝ್ ಎಂಬ ಅಮೇರಿಕದ ಸಂಗೀತಕ್ಕೂ ಈ ಹಳ್ಳಿಗೂ ನಂಟುಂಟೆಂದರೆ ಹೊಸಬರು ನಗಬಹುದು.

ನಾಗಸ್ವರ ವಿದ್ವಾಂಸರಾದ ತನಿಯಪ್ಪನವರಿಗೆ ಗೋಪಾಲನಾಥರು ಮಗನಾಗಿ ಹುಟ್ಟಿದ್ದು ಇಲ್ಲಿ, 1949ರಲ್ಲಿ. ಹೆಸರಿನ ಮುಂದಣ 'ಕದ್ರಿ'ಯಿಂದಾಗಿ ಲೋಕವು ಅವರನ್ನು ಮಂಗಳೂರಿನವರೆಂದೇ ಎಣಿಸಿತು, ಸಜಿಪವು ಮರೆಯಾಯಿತು. ತಂದೆಯ ವಾದ್ಯವನ್ನು ಕಲಿಯುತ್ತಿದ್ದ ಹುಡುಗನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತನು. ಬೆಲ್ಜಿಯಮ್ ದೇಶದ ಅಡಾಲ್ಫ್ ಸ್ಯಾಕ್ಸನು 1846ರಲ್ಲಿ ಹಕ್ಕುಪತ್ರ ಪಡೆದ ವಾದ್ಯವಿದು. ಮೈ ಹಿತ್ತಾಳೆಯದಾದರೂ ಭರತಮುನಿಯ ತತ, ಅವನದ್ಧ, ಘನ, ಸುಷಿರಗಳೆಂಬ ವಿಂಗಡಣೆಯಲ್ಲಿ ಇದು ನಾಗಸ್ವರದ ಪಕ್ಕದಲ್ಲಿಯೇ ಕೂರತಕ್ಕದ್ದು. ತೊಡಕಿರುವುದು ಬೇರೆಡೆ. ನಾಗಸ್ವರದಲ್ಲಿ ಬೆರಳು ರಂಧ್ರವನ್ನು ಅರೆಬರೆ ಮುಚ್ಚಿ ಗಮಕವನ್ನು ಎಳೆಯಬಲ್ಲುದು. ಇಲ್ಲಿ ರಂಧ್ರಕ್ಕೂ ಬೆರಳಿಗೂ ನಡುವೆ ಲೋಹದ ಕೀಲಿ. ಸ್ವರವನ್ನು ತೂಗಬೇಕಾದರೆ ತುಟಿ ಮತ್ತು ಉಸಿರೇ ಗತಿ. ಮಂಗಳೂರಿನ ಗೋಪಾಲಕೃಷ್ಣ ಅಯ್ಯರವರಲ್ಲಿಯೂ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್‌ರವರಲ್ಲಿಯೂ ಶಿಷ್ಯವೃತ್ತಿ ನಡೆಸಿ, ವರ್ಷಗಟ್ಟಲೆ ಸಾಧಿಸಿ, ಅವರು ಈ ಕೀಲಿಗಳಿಂದ ರಾಗವನ್ನು ಹೊರಡಿಸಿದರು. ಸೋತಿದ್ದರೆ ಅದು ಬ್ಯಾಂಡಿನ ಕಹಳೆಯಾಗಿಯೇ ಉಳಿಯುತ್ತಿತ್ತು.

1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೇರಿಕದ ಪ್ರಸಿದ್ಧ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿಯವರು ಇವರ ವಾದನಕ್ಕೆ ಬೆರಗಾಗಿ ಜೊತೆಗೂಡಿ ನುಡಿಸಿದರು. ಹ್ಯಾಂಡಿಯವರು ಆ ಮೊದಲೇ ಅಲಿ ಅಕ್ಬರ್ ಖಾನರ ಸರೋದಿನೊಡನೆ ನುಡಿಸಿ ಧ್ವನಿಮುದ್ರಿಸಿದ್ದವರು. ಜಾಝಿನವರೂ ನಮ್ಮ ಮನೋಧರ್ಮದಂತೆ ಕ್ಷಣದಲ್ಲಿ ಕಲ್ಪಿಸಿ ನುಡಿಸುವವರೇ. ಆದರೆ ಅವರದು ಸ್ವರಮೇಳಗಳನ್ನು ಬದಲಿಸುತ್ತ ಸಾಗುವ ನಡೆ. ನಮ್ಮದು ಒಂದೇ ಷಡ್ಜವನ್ನು ಆಶ್ರಯಿಸಿ ನಿಲ್ಲುವುದು. ಇವೆರಡನ್ನು ಒಂದೇ ವೇದಿಕೆಯಲ್ಲಿ ಹೊಂದಿಸುವುದು ಸುಲಭದ ಮಾತಲ್ಲ. ಎಷ್ಟೋ 'ಮಿಶ್ರ ಸಂಗೀತ'ಗಳು ನನ್ನ ಕಿವಿಗೆ ಸಂತೆಯ ಗದ್ದಲದಂತೆಯೇ ಕೇಳಿಸಿವೆ.

ಈ ದೂರಿಗೆ ಹೊರತಾದುದು 2008ರಲ್ಲಿ ಪ್ರಕಟವಾದ 'ಕಿನ್ಸ್‌ಮೆನ್' ಎಂಬ ಮುದ್ರಿಕೆ, ಬಂಧುಗಳೆಂದು ಅದರರ್ಥ. ಅಮೇರಿಕದಲ್ಲಿ ಬೆಳೆದ ರುದ್ರೇಶ ಮಹಂತಪ್ಪನವರು ಬಾಸ್ಟನ್ನಿನ ಬರ್ಕ್ಲೀ ಸಂಗೀತ ವಿದ್ಯಾಲಯದಲ್ಲಿದ್ದಾಗ, ಅವರ ಅಣ್ಣನು ಹಾಸ್ಯಕ್ಕೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟಿದ್ದನಂತೆ. ಆ ಹಾಸ್ಯವೇ ಫಲಿಸಿತು. ಅರುವತ್ತರ ಹೊಸ್ತಿಲಲ್ಲಿದ್ದ ಗೋಪಾಲನಾಥರ ಪಕ್ಕದಲ್ಲಿ ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ. ಎದುರಿಗೆ ರುದ್ರೇಶರೂ ಅವರ ಜಾಝ್ ಸಂಗಡಿಗರೂ. 2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ತೀರಿಕೊಂಡರು. ಮುದ್ರಿಕೆಯಲ್ಲಿ ಒಂದೇ ಜಾತಿಯ ಎರಡು ವಾದ್ಯಗಳು ಮಾತಾಡುವಾಗ ಯಾವುದು ಯಾರದೆಂದು ಕೇಳುವವರಿಗೆ ಗುರುತು ಇಷ್ಟೆ: ಸ್ವರವನ್ನು ಹಿಡಿದು ಮೆಲ್ಲನೆ ತೂಗುವುದು ಸಜಿಪದವರದು.